ಸ್ವಚ್ಛ ನಗರಿಯ ಹಿತ್ತಿಲು

ಕೃಷ್ಣಮೂರ್ತಿಪುರಂನ ನಮ್ಮ ಅಜ್ಜಿ ಮನೆ ಹಿಂದೆ ಒಂದು ಗಲ್ಲಿ ಇತ್ತು. ಮೈಸೂರಿನ ಹಳೇ ಬಡಾವಣೆಗಳಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು. ಅದು ಕನ್ಸರ್ವೆನ್ಸಿ. ಎರಡು ಸಾಲು ಮನೆಗಳ ಬೆನ್ನ ಮಧ್ಯೆ, ಒಂದು ಗಾಡಿ ಹೋಗುವಷ್ಟು ದಾರಿ. ಮುಂದಿನ ರಸ್ತೆಗೆ ಹೆಸರಿತ್ತು, ಮರಗಳಿದ್ದವು, ದೀಪದ ಕಂಬ ಇತ್ತು. ಹಿಂದಿನ ದಾರಿಗೆ ಇದ್ಯಾವುದೂ ಇರಲಿಲ್ಲ. ಕ್ರಿಕೆಟ್ ಆಡುವಾಗ ಚೆಂಡು ಕನ್ಸರ್ವೆನ್ಸಿಗೆ ಬಿದ್ದರೆ ಔಟ್. ಹೊಡೆದವನೇ ಹೋಗಿ ತರಬೇಕು. ತಂದ ಮೇಲೆ ಚೆಂಡನ್ನೂ ಕಾಲನ್ನೂ ನಲ್ಲಿ ಕೆಳಗೆ ತೊಳೆಯಬೇಕು. ಇಲ್ಲದಿದ್ದರೆ ಅಜ್ಜಿ ಒಳಗೆ ಬಿಡುತ್ತಿರಲಿಲ್ಲ.

ಆ ಗಲ್ಲಿ ಕಡೆಯ ಗೋಡೆಯ ಬುಡದಲ್ಲಿ, ಮೊಣಕಾಲಿಗಿಂತ ಕೆಳಗೆ, ಒಂದು ಚಿಕ್ಕ ಚೌಕ ಕಾಣುತ್ತಿತ್ತು. ಇಟ್ಟಿಗೆ ಇಟ್ಟು ಮುಚ್ಚಿದ್ದರು. ಗಾರೆಯ ಬಣ್ಣ ಬೇರೆ ಇದ್ದದ್ದರಿಂದ ಎದ್ದು ಕಾಣುತ್ತಿತ್ತು. ಅದೇನು ಅಂತ ಕೇಳಿದರೆ ದೊಡ್ಡವರು ಮಾತು ಬದಲಿಸುತ್ತಿದ್ದರು. ಒಂದು ಕಾಲದಲ್ಲಿ ಪಾಯಿಖಾನೆಯ ಬಕೆಟ್ಟನ್ನು ಆ ಕಿಂಡಿಯಿಂದ ಹೊರಕ್ಕೆ ಎಳೆದುಕೊಂಡು ಹೋಗುತ್ತಿದ್ದರು ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಮೈಸೂರು ಸ್ವಚ್ಛ ನಗರ ಅಂತ ಈಗ ದೇಶಕ್ಕೆಲ್ಲ ಗೊತ್ತು. ಈ ಮಾತು ಬಂದಾಗಲೆಲ್ಲ ಮಹಾರಾಜರ ದೂರದೃಷ್ಟಿ, ಅಗಲ ರಸ್ತೆ, ಸಾಲುಮರ ಅಂತ ಶುರು ಮಾಡುವುದು ರೂಢಿ. ಸುಳ್ಳೇನಲ್ಲ. ಆದರೆ ಆ ಕಥೆಗೆ ಒಂದು ಹಿತ್ತಿಲೂ ಇದೆ.

ಮೊದಲು ಒಂದು ನಾಲೆಯ ವಿಷಯ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರನ್ನು ಮೈಸೂರಿಗೆ ತರಲು ಕಾಲುವೆ ತೋಡಿಸಿದರು. ಭಾರಿ ಕೆಲಸ, ಆದರೆ ಊರಿಗೆ ನೀರು ಬರಲಿಲ್ಲ. ಮೈಸೂರು ಇರುವುದು ದಿಣ್ಣೆಯ ಮೇಲೆ. ಉತ್ತರಕ್ಕೆ ಬಿದ್ದ ಮಳೆ ಕಾವೇರಿ ಕಡೆ ಹೋಗುತ್ತದೆ, ದಕ್ಷಿಣಕ್ಕೆ ಬಿದ್ದದ್ದು ಕಬಿನಿ ಕಡೆ. ಇಂಥ ಊರಿಗೆ ನೀರು ಹತ್ತಿಸುವುದು ಕಷ್ಟ, ಇಳಿಸುವುದು ಸುಲಭ. ಕಾವೇರಿ ಬರಬೇಕಿದ್ದ ನಾಲೆಗೆ ಊರಿನ ಕೊಳಚೆ ಬಂದು ಸೇರಿತು. ಕೊನೆಗೆ ಊರೊಳಗಿನ ಭಾಗವನ್ನು ಮುಚ್ಚಿ, ಮೇಲೆ ರಸ್ತೆ ಮಾಡಿದರು.

1888ರಲ್ಲಿ ಎಂಟು ವಾರ್ಡುಗಳ ಮುನಿಸಿಪಾಲಿಟಿ ಬಂತು. ಅದಾಗಿ ಹತ್ತು ವರ್ಷ ಕಳೆಯುವ ಹೊತ್ತಿಗೆ ಪ್ಲೇಗು ಬಂತು. ಕೋಟೆಯ ಸುತ್ತ ಮನೆಗೆ ಮನೆ ಅಂಟಿಕೊಂಡಿದ್ದ ಊರು ಅದು. ಗಾಳಿ ಆಡಲು ಜಾಗ ಇಲ್ಲ, ಇಲಿಗಳಿಗೆ ಮಾತ್ರ ಬೇಕಾದಷ್ಟು ಜಾಗ. ಆ ಕಾಲದ ಭಯ ಎಷ್ಟಿತ್ತು ಅಂದರೆ, ಹಳೇ ಮೈಸೂರು ಸೀಮೆಯಲ್ಲಿ ಪ್ಲೇಗಿನ ಅಮ್ಮನಿಗೆ ಗುಡಿಗಳೇ ಎದ್ದವು.

ಪ್ಲೇಗಿಗೆ ಸರ್ಕಾರ ಕೊಟ್ಟ ಉತ್ತರವೇ 1903ರ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. ಇಕ್ಕಟ್ಟಿನ ಕೇರಿಗಳನ್ನು ತೆರೆದು, ಹೊಸ ಬಡಾವಣೆಗಳನ್ನು ಅಳತೆ ಹಾಕಿ ಕಟ್ಟುವುದು ಅದರ ಕೆಲಸ. ಆಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ, ನಾಲೆ ತೋಡಿಸಿದ ಪೂರ್ಣಯ್ಯನವರ ವಂಶದವರೇ. ಅಜ್ಜಿ ಮನೆ ಇದ್ದ ಬಡಾವಣೆಗೆ ಅವರದೇ ಹೆಸರು.

ಈ ಬಡಾವಣೆಗಳ ನಕ್ಷೆ ನೋಡಿದರೆ ಇಂಜಿನಿಯರುಗಳ ತಲೆ ಮೆಚ್ಚಬೇಕು. ಮುಂದೆ ಅಗಲ ರಸ್ತೆ, ಹಿಂದೆ ಕನ್ಸರ್ವೆನ್ಸಿ. ಗಲೀಜು ಯಾರ ಕಣ್ಣಿಗೂ ಬೀಳದ ಹಾಗೆ ಬೆಳಕು ಹರಿಯುವ ಮುಂಚೆ ಹಿಂದಿನಿಂದ ಹೋಗಬೇಕು. ಗಲೀಜಿನ ಜೊತೆ ಅದನ್ನು ಹೊರುವವರೂ ಕಣ್ಣಿಗೆ ಬೀಳದೆ ಹೋಗಬೇಕು. ಜಾತಿ ಅನ್ನೋ ಪದ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ, ಅಲ್ವಾ?

ಒಳಚರಂಡಿ ಬಂದ ಮೇಲೂ ಬಕೆಟ್ಟು ಬೇಗ ಹೋಗಲಿಲ್ಲ. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯಿದೆ ಬಂದದ್ದು ಅದಕ್ಕೂ ಎಷ್ಟೋ ವರ್ಷ ಆದಮೇಲೆ, 1993ರಲ್ಲಿ. ಅರಸು ಕಾಲದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ ಕೂತು, ಕಸ ಗುಡಿಸುವವರ ಕೆಲಸ, ಸಂಬಳ, ವಸತಿ ಎಲ್ಲದರ ಬಗ್ಗೆ ವರದಿ ಕೊಟ್ಟಿತು. ಐನೂರು ಜನಕ್ಕೆ ಒಬ್ಬ ಕಾರ್ಮಿಕ ಇರಬೇಕು ಅಂತ ಅದರ ಶಿಫಾರಸು. ಜಾಡಮಾಲಿ ಅನ್ನುತ್ತಿದ್ದ ಬಾಯಿಗೆ ಪೌರಕಾರ್ಮಿಕ ಅನ್ನೋ ಮಾತು ಕಲಿಸಿದ್ದೂ ಆ ಕಾಲವೇ. ಮಾತು ಬದಲಾಯಿತು. ಲೆಕ್ಕಕ್ಕೆ ತಕ್ಕ ಜನ ಮಾತ್ರ ಬರಲಿಲ್ಲ. ಮುಂದೆ ಗುತ್ತಿಗೆ ಪದ್ಧತಿ ಬಂದ ಮೇಲಂತೂ ಪೌರಕಾರ್ಮಿಕರು ಕಾಯಂ ಕೆಲಸಕ್ಕಾಗಿ ರಸ್ತೆ ಗುಡಿಸುವುದರ ಜೊತೆ ರಸ್ತೆಗೆ ಇಳಿಯುವುದನ್ನೂ ಕಲಿಯಬೇಕಾಯಿತು. 2022ರಲ್ಲಿ ರಾಜ್ಯದುದ್ದಕ್ಕೂ ಪೊರಕೆ ಕೆಳಗಿಟ್ಟು ಕೂತರು. ಆಮೇಲೆ ಸರ್ಕಾರ ಹಂತ ಹಂತವಾಗಿ ಕಾಯಂ ಮಾಡಲು ಒಪ್ಪಿತು.

ಬಕೆಟ್ಟು ಹೋದಮೇಲೆ ಗಲೀಜು ಎಲ್ಲಿಗೆ ಹೋಯಿತು? ಮನೆ ಹಿತ್ತಿಲಿಂದ ಊರ ಹಿತ್ತಿಲಿಗೆ. ವಿದ್ಯಾರಣ್ಯಪುರಂನ ಆಚೆ, ಚಾಮುಂಡಿ ಬೆಟ್ಟದ ಮಗ್ಗುಲಲ್ಲಿ ಇಳಿಜಾರಿನ ದೊಡ್ಡ ಜಾಗ ಇದೆ. ಜನರ ಬಾಯಲ್ಲಿ ಅದು ಸೂಯೇಜ್ ಫಾರಂ. ಚರಂಡಿ ನೀರನ್ನು ನೆಲಕ್ಕೆ ಹಾಯಿಸಿ, ಅದರಲ್ಲೇ ಹುಲ್ಲೋ ಬೆಳೆಯೋ ತೆಗೆಯುವ ಹಳೇ ಕಾಲದ ಉಪಾಯ. ಊರು ಚಿಕ್ಕದಿದ್ದಾಗ ಇದು ಕೆಟ್ಟ ಉಪಾಯ ಏನಲ್ಲ. ಆಗಿನ ಕಸವಾದರೂ ಏನು? ಬೂದಿ, ಬಾಳೆ ಎಲೆ, ತರಕಾರಿ ಸಿಪ್ಪೆ, ಸಗಣಿ. ಗುಂಡಿಗೆ ಹಾಕಿದರೆ ನಾಲ್ಕು ತಿಂಗಳಿಗೆ ಗೊಬ್ಬರ.

ಊರು ಬೆಳೆಯಿತು. 1977ರಲ್ಲಿ ಮೈಸೂರು ಮಹಾನಗರ ಪಾಲಿಕೆ ಆಯಿತು, ವಾರ್ಡುಗಳು 65ಕ್ಕೆ ಏರಿದವು. ಬಾಳೆ ಎಲೆ ಹೋಗಿ ಪ್ಲಾಸ್ಟಿಕ್ ಹಾಳೆ ಬಂತು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ 2000ದ ಆಸುಪಾಸಿಗೆ ಸೂಯೇಜ್ ಫಾರಂನಲ್ಲಿ ಕಾಂಪೋಸ್ಟ್ ಘಟಕ ಎದ್ದಿತು. ದಿನಕ್ಕೆ 200 ಟನ್ ಕಸ ಅರಗಿಸಿಕೊಳ್ಳುವ ಶಕ್ತಿ. ಆ ಕಾಲಕ್ಕೆ ದೊಡ್ಡದೇ. ಆದರೆ ಮುಂದಿನ ಹದಿನೈದು ವರ್ಷದಲ್ಲಿ ಊರು ಹಾಕುವ ಕಸ ದಿನಕ್ಕೆ ಸುಮಾರು 400 ಟನ್ ಆಯಿತು. ಅರಗದ್ದು ಅಲ್ಲೇ ಗುಡ್ಡೆ ಬಿತ್ತು. ಚಾಮುಂಡಿ ಬೆಟ್ಟದ ಪಕ್ಕ ಇನ್ನೊಂದು ಬೆಟ್ಟ.

ಹಸಿ ಕಸ, ಒಣ ಕಸ ಬೆರೆತರೆ ಏನಾಗುತ್ತದೆ ಅಂತ ತಿಳಿಯಲು ವಿಜ್ಞಾನಿ ಬೇಕಾಗಿಲ್ಲ. ಅನ್ನದ ಜೊತೆ ಗಾಜಿನ ಚೂರು ಸೇರಿದ ಕಸದಿಂದ ಬರುವ ಗೊಬ್ಬರ ಯಾವ ರೈತನಿಗೂ ಬೇಡ. ಗುಡ್ಡೆಯ ಒಳಗೆ ಗಾಳಿ ಆಡುವುದಿಲ್ಲ. ಗಾಳಿ ಇಲ್ಲದೆ ಕೊಳೆತದ್ದು ಮೀಥೇನ್ ಬಿಡುತ್ತದೆ, ನಾರುತ್ತದೆ, ಬೇಸಿಗೆಯಲ್ಲಿ ಒಮ್ಮೊಮ್ಮೆ ಹೊತ್ತಿಕೊಳ್ಳುತ್ತದೆ. ವಿದ್ಯಾರಣ್ಯಪುರಂ, ಜೆ.ಪಿ. ನಗರದ ಕಡೆಯವರು ವರ್ಷಗಟ್ಟಲೆ ಅರ್ಜಿ ಕೊಟ್ಟರು, ಪ್ರತಿಭಟನೆ ಮಾಡಿದರು. ಸಂಜೆ ಗಾಳಿ ತಿರುಗಿದರೆ ಆ ಕಡೆ ಕಿಟಕಿ ಮುಚ್ಚುತ್ತಾರೆ. ಹೊಸಬರು ಸೊಳ್ಳೆಗೆ ಅಂದುಕೊಳ್ಳುತ್ತಾರೆ.

ಇಂಥ ಹೊತ್ತಲ್ಲೇ ಬಂತು ಬಹುಮಾನ. 2015ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸ್ವಚ್ಛತೆಯ ಮೇಲೆ 476 ನಗರಗಳ ಪಟ್ಟಿ ಹಾಕಿದಾಗ ಮೈಸೂರೇ ಮೊದಲು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ, ಅಂದರೆ ನಗರಗಳ ಸ್ವಚ್ಛತೆ ಅಳೆಯುವ ಕೇಂದ್ರದ ಸಮೀಕ್ಷೆಯಲ್ಲಿ, 73 ನಗರಗಳ ಪೈಕಿ ಮತ್ತೆ ಮೊದಲು. ಊರೆಲ್ಲ ಬ್ಯಾನರ್. ಮುಂದಿನ ವರ್ಷ ಇಂದೋರ್ ಮೇಲೇರಿತು, ಮೈಸೂರು ಐದಕ್ಕೆ ಇಳಿಯಿತು. ಆಗ ಊರಿನ ಮಾತು ಕೇಳಬೇಕಿತ್ತು, ಪರೀಕ್ಷೆಯಲ್ಲಿ ನಪಾಸಾದ ಮಗನ ಮನೆಯ ಹಾಗೆ.

ಬಹುಮಾನ ಸುಮ್ನೆ ಬಂದದ್ದಲ್ಲ. ಮನೆ ಮನೆಯಿಂದ ಕಸ ಎತ್ತುವ ಪದ್ಧತಿ ಮೈಸೂರಿನಲ್ಲಿ ಗಟ್ಟಿಯಾಗಿ ನಿಂತಿತ್ತು. ಬೆಳಿಗ್ಗೆ ಸೀಟಿ ಸದ್ದು ಕೇಳಿದರೆ ಗೃಹಿಣಿಯರು ಕುಕ್ಕರ್ ಬಿಟ್ಟು ಬಕೆಟ್ ಹಿಡಿದು ಓಡುತ್ತಾರೆ. ತಳ್ಳುಗಾಡಿಯ ಪೌರಕಾರ್ಮಿಕರಿಗೆ ಪ್ರತಿ ಮನೆಯ ಗುಟ್ಟೂ ಗೊತ್ತು. ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಬಾಟಲಿ ಕೆಳಗೆ ಪೇಪರ್ ಹಾಕಿ ಬಚ್ಚಿಡುತ್ತಾರೆ. ಬೇರ್ಪಡಿಸದೆ ತಂದರೆ ನಮ್ಮ ಬೀದಿಗೆ ಬರುವಾಕೆ ಬಕೆಟ್ಟನ್ನು ಮುಟ್ಟುವುದೇ ಇಲ್ಲ. "ಅಕ್ಕಾ, ಪಾಲಿಥಿನ್ ತೆಗ್ದು ಕೊಡಿ" ಅಂತ ನಿಂತುಬಿಡುತ್ತಾಳೆ. ಹಿಂದೆ ಸಾಲು ನಿಂತವರ ಮುಂದೆ ಕೈ ಹಾಕಿ ತೆಗೆಯಬೇಕು. ದಂಡಕ್ಕಿಂತ ಇದೇ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನ್ನ ಅನುಭವ.

ಇನ್ನೊಂದು ಒಳ್ಳೆಯ ಕೆಲಸ ಕುಂಬಾರಕೊಪ್ಪಲಿನದು. ಎಲ್ಲ ಕಸವೂ ವಿದ್ಯಾರಣ್ಯಪುರಂಗೇ ಯಾಕೆ ಹೋಗಬೇಕು, ನಮ್ಮ ವಾರ್ಡಿನದು ನಮ್ಮಲ್ಲೇ ಮುಗಿಯಲಿ ಅಂತ ಅಲ್ಲಿ ಶೂನ್ಯ ತ್ಯಾಜ್ಯ ಘಟಕ ಶುರುವಾಯಿತು. ಜಾಗ ಪಾಲಿಕೆಯದು, ಕೆಲಸ ವಾರ್ಡಿನ ಸಂಘಟನೆಯವರದು. ಒಳಗೆ ಹೋದರೆ ಮೂಗಿಗಿಂತ ಮೊದಲು ಕಣ್ಣು ತುಂಬುತ್ತದೆ. ಹಾಲಿನ ಕವರ್ ಒಂದು ಕಡೆ, ತೆಂಗಿನ ಚಿಪ್ಪು ಒಂದು ಕಡೆ, ಗಾಜಿನ ಬಾಟಲಿ, ರಟ್ಟು, ಹರಿದ ಚಪ್ಪಲಿ. ಚಪ್ಪಲಿಗೂ ಗಿರಾಕಿ ಇದ್ದಾರೆ ಅಂತ ನನಗೆ ತಿಳಿದದ್ದು ಇಂಥ ಕಡೆಯೇ. ಕೈಗವಸು ಹಾಕಿದ ಹೆಂಗಸರು ಮಾತಾಡುತ್ತಲೇ ವಿಂಗಡಿಸುತ್ತಾರೆ, ಕೈ ನೋಡುವುದೇ ಇಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ. ಹಸಿ ಕಸ ತೊಟ್ಟಿಗೆ ಹೋಗಿ ಗೊಬ್ಬರವಾಗುತ್ತದೆ, ರೈತರು ಕೊಳ್ಳುತ್ತಾರೆ. ಇಲ್ಲಿನ ಗೊಬ್ಬರದಲ್ಲಿ ಗಾಜಿಲ್ಲ. ಮುಂದೆ ಬೇರೆ ಕಡೆಗಳಲ್ಲೂ ಇಂಥ ಘಟಕಗಳು, ಒಣ ಕಸದ ಕೇಂದ್ರಗಳು ಎದ್ದವು. ಆದರೆ ಊರಿನ ಕಸದ ದೊಡ್ಡ ಪಾಲು ಇವುಗಳ ಕೈಗೆ ಸಿಗಲೇ ಇಲ್ಲ. ಚಿಕ್ಕ ಘಟಕಕ್ಕೆ ಉದ್ಘಾಟನೆಯ ಕಳೆ ಕಡಿಮೆ, ದಿನದಿನದ ರಗಳೆ ಜಾಸ್ತಿ. ಹೊಸ ಜಾಗ ಅಂದರೆ ಪಕ್ಕದ ಮನೆಯವರು ಬೇಡ ಅನ್ನುತ್ತಾರೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ವಿದ್ಯಾರಣ್ಯಪುರಂ ನೋಡಿದವರು ಬೇಡ ಅನ್ನದೆ ಇನ್ನೇನಂತಾರೆ?

2016ರಲ್ಲಿ ಕಸದ ಹೊಸ ನಿಯಮಗಳು ಬಂದವು, ಮೂಲದಲ್ಲೇ ವಿಂಗಡಣೆ ಕಡ್ಡಾಯ ಆಯಿತು. ಅದೇ ವರ್ಷ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕವರು, ತಟ್ಟೆ, ಲೋಟ ನಿಷೇಧಿಸಿತು. ಮಾರ್ಕೆಟ್‌ನಲ್ಲಿ ಒಂದಷ್ಟು ದಿನ ಬಟ್ಟೆ ಚೀಲ ಕಂಡವು. ಇದರ ಬಗ್ಗೆ ಇಷ್ಟು ಸಾಕು.

ಕೆರೆಗಳ ಕಥೆಯೂ ಇದರ ಮಗ್ಗುಲದೇ. ಮೈಸೂರಿನ ಮೈದಾನಗಳ ಹೆಸರು ಕೇಳಿ. ದೊಡ್ಡಕೆರೆ ಮೈದಾನ, ಸುಬ್ಬರಾಯನಕೆರೆ, ಜೀವರಾಯನಕಟ್ಟೆ. ದಸರಾ ವಸ್ತುಪ್ರದರ್ಶನದಲ್ಲಿ ಹಪ್ಪಳ ಮೆಲ್ಲುತ್ತಾ ಓಡಾಡುವಾಗ ನಾವು ನಡೆಯುವುದು ಕೆರೆಯಂಗಳದಲ್ಲಿ. ಉಳಿದ ಕೆರೆಗಳನ್ನು ಗಮನಿಸಿದರೆ ಒಂದು ವಿಷಯ ಕಾಣುತ್ತದೆ. ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾನಿಲಯದ್ದು. ಕಾರಂಜಿ ಕೆರೆ ಮೃಗಾಲಯದ್ದು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿಯನ್ನು ಅರಣ್ಯ ಇಲಾಖೆ ನೋಡಿಕೊಳ್ಳುತ್ತದೆ. ಮೂರಕ್ಕೂ ಬೆಳಿಗ್ಗೆ ವಾಕಿಂಗ್ ಹೋಗುವ ಜನ ಇದ್ದಾರೆ. ಒಂದು ಮೀನು ಸತ್ತು ತೇಲಿದರೆ ಮರುದಿನ ಪತ್ರಿಕೆಯಲ್ಲಿ ಫೋಟೋ. ದಳವಾಯಿ ಕೆರೆ ಇರುವುದು ಸೂಯೇಜ್ ಫಾರಂನ ಕೆಳಗೆ, ಊರಿನ ಇಳಿಜಾರು ಮುಗಿಯುವ ಕಡೆ. ಅಲ್ಲಿ ವಾಕಿಂಗ್ ಹೋಗುವವರು ಯಾರು? ಊರ ಕೊಳಚೆ ಶುದ್ಧ ಮಾಡಲು ವಿದ್ಯಾರಣ್ಯಪುರಂ, ಕೆಸರೆ, ರಾಯನಕೆರೆ ಅಂತ ಮೂರು ಘಟಕಗಳಿವೆ. ಆದರೂ ದಳವಾಯಿ ಕೆರೆಯ ಮೇಲೆ ಎಷ್ಟೋ ವರ್ಷ ಕತ್ತೆಕಿವಿ ಗಿಡ ಹಸಿರು ಜಮಖಾನೆ ಹಾಸಿದ ಹಾಗೆ ಹರಡಿಕೊಂಡಿತ್ತು. ದೂರದಿಂದ ನೋಡಿದರೆ ಚಂದ.

ಹಳೇ ಗುಡ್ಡೆ ಕರಗಿಸಲು ಈಗ ಬಯೋಮೈನಿಂಗ್ ಅನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಜರಡಿ ಹಿಡಿಯುವುದು. ಗುಡ್ಡೆ ಅಗೆದು, ತಿರುಗುವ ದೊಡ್ಡ ಜರಡಿಗೆ ಹಾಕಿದರೆ ಮಣ್ಣು ಕೆಳಗೆ ಬೀಳುತ್ತದೆ, ಕಲ್ಲು ಒಂದು ಕಡೆ, ಪ್ಲಾಸ್ಟಿಕ್ ಚಿಂದಿ ಇನ್ನೊಂದು ಕಡೆ. ಚಿಂದಿ ಸಿಮೆಂಟ್ ಕಾರ್ಖಾನೆಗೆ ಉರುವಲು. ಲಕ್ಷಾಂತರ ಟನ್ ಹೀಗೆ ಜರಡಿ ಹಿಡಿಯಬೇಕಿತ್ತು. ಹೊಸ ಕಸಕ್ಕೆ ಹೊಸ ಘಟಕಗಳು ಬೇಕು ಅಂತ ಪಾಲಿಕೆ ನೋಡಿದ ಜಾಗಗಳು ಯಾವುವು ಗೊತ್ತಾ? ಕೆಸರೆ ಮತ್ತು ರಾಯನಕೆರೆ. ಎರಡೂ ಊರಿನ ಅಂಚಲ್ಲಿ, ನೀರು ಇಳಿಯುವ ದಿಕ್ಕಿನಲ್ಲಿ.

2018ರಲ್ಲಿ ಆಯ್ಕೆಯಾದ ಕಾರ್ಪೊರೇಟರುಗಳ ಅವಧಿ 2023ರ ನವೆಂಬರಿನಲ್ಲಿ ಮುಗಿಯಿತು. ಆಮೇಲೆ ಪಾಲಿಕೆ ಆಡಳಿತಾಧಿಕಾರಿ ಕೈಗೆ ಹೋಯಿತು. ಕಾರ್ಪೊರೇಟರ್ ಇದ್ದಾಗ ನಾವು ಅವರನ್ನು ಬೈದದ್ದೇ ಹೆಚ್ಚು. ಆದರೆ ಗಾಡಿ ಬರದಿದ್ದ ದಿನ ಮನೆ ಬಾಗಿಲಿಗೆ ಹೋಗಿ ಬೈಯಲು ಒಬ್ಬರಿದ್ದರು. ಸಹಾಯವಾಣಿಗೆ ಬಾಗಿಲಿಲ್ಲ. 2025ರ ಜುಲೈನಲ್ಲಿ ಬಂದ ಸ್ವಚ್ಛ ಸರ್ವೇಕ್ಷಣೆಯ ಫಲಿತಾಂಶದಲ್ಲಿ ಮೈಸೂರು ಸೂಪರ್ ಸ್ವಚ್ಛ ಲೀಗ್ ಸೇರಿತು, ಹಿಂದಿನ ವರ್ಷಗಳಲ್ಲಿ ಮೇಲಿದ್ದ ನಗರಗಳಿಗೇ ಬೇರೆಯಾಗಿ ಮಾಡಿದ ಪಟ್ಟಿ ಅದು. ಮತ್ತೆ ಬ್ಯಾನರ್.

ಹೋದ ತಿಂಗಳು ಅಜ್ಜಿ ಮನೆ ಕಡೆ ಹೋಗಿದ್ದೆ. ಮನೆ ಈಗ ನಮ್ಮದಲ್ಲ. ಕನ್ಸರ್ವೆನ್ಸಿಯಲ್ಲಿ ಅರ್ಧ ಜಾಗಕ್ಕೆ ಸ್ಕೂಟರ್ ನಿಲ್ಲಿಸಿದ್ದಾರೆ, ಒಂದು ಕಡೆ ಯಾರೋ ಕರಿಬೇವು ನೆಟ್ಟಿದ್ದಾರೆ. ಗೋಡೆಗೆ ಹೊಸ ಪೇಂಟ್ ಬಂದಿದೆ, ಆದರೂ ಇಟ್ಟಿಗೆಯ ಚೌಕ ಗೊತ್ತಾಗುತ್ತದೆ. ನಾನು ಬಗ್ಗಿ ನೋಡುತ್ತಿದ್ದಾಗ ಮುಂದಿನ ರಸ್ತೆಯಲ್ಲಿ ಸೀಟಿ ಕೇಳಿಸಿತು. ಹಿತ್ತಿಲ ಬಾಗಿಲು ತೆರೆದು ಒಬ್ಬ ಹುಡುಗ ಎರಡು ಬಕೆಟ್ ಹಿಡಿದು ಬಂದ, ನನ್ನನ್ನು ನೋಡಿ ನಿಂತ. "ಗಾಡಿ ಈ ಕಡೆ ಬರಲ್ಲ ಅಂಕಲ್" ಅಂದ, "ಮುಂದುಗಡೆ ಬರುತ್ತೆ." ಮತ್ತೆ ಒಳಗೆ ಹೋಗಿ ಮನೆಯೊಳಗಿಂದಲೇ ಮುಂಬಾಗಿಲಿಗೆ ಓಡಿದ.