ಹೊಟ್ಟೆ ಕ್ಲೀನ್ ಮಾಡಿಸಿಕೊಂಡ ಮೇಲೆ ಬಸ್ಸು ಹತ್ತಬಹುದಾ?

ಎನಿಮಾ (ಗುದದ ಮೂಲಕ ನೀರು ಬಿಟ್ಟು ಕರುಳು ತೊಳೆಯುವುದು) ತೆಗೆದುಕೊಂಡವರಿಗೆ, ಕೊಲೊನೋಸ್ಕೋಪಿಗೆಂದು (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ) ಪೌಡರ್ ನೀರು ಕುಡಿದವರಿಗೆ, ಆಯುರ್ವೇದದ ಪಂಚಕರ್ಮದಲ್ಲಿ ಬಸ್ತಿ (ಎಣ್ಣೆ, ಕಷಾಯದ ಎನಿಮಾ) ಮಾಡಿಸಿಕೊಂಡವರಿಗೆ ಎಲ್ಲರಿಗೂ ಒಂದೇ ಭಯ. ಡಾಕ್ಟರ ಹತ್ತಿರ ಕೇಳಲು ನಾಚಿಕೆ. ಬಟ್ಟೆಯಲ್ಲೇ ಆಗಿಬಿಟ್ಟರೆ ಏನು ಗತಿ? ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತರೂ ಒಂದು ಗಂಟೆಗೆ ಮೇಲೆ ಬೇಕು. "ಸ್ವಲ್ಪ ನಿಲ್ಲಿಸಿ ಮಾರಾಯ್ರೇ" ಅಂದರೆ ಕಂಡಕ್ಟರ್ ನಿಲ್ಲಿಸಿಯಾನು, ಆದರೆ ಪಡುಬಿದ್ರಿಯಲ್ಲಿ ಇಳಿದು ಓಡುವುದು ಎಲ್ಲಿಗೆ?

ಈ ಭಯ ಸುಳ್ಳೇನಲ್ಲ. ಆದರೆ ಅದು ಕೆಲವು ಗಂಟೆಗಳ ಕತೆ, ಹೆಚ್ಚೆಂದರೆ ಒಂದು ದಿನದ್ದು.

ಮಾಮೂಲಿ ದಿನಗಳಲ್ಲಿ ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರು ಬರುತ್ತದೆ. ದೊಡ್ಡ ಕರುಳು ಅದರಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಹೀರಿಕೊಂಡು 100-200 ಎಂಎಲ್ ಮಾತ್ರ ಹೊರಗೆ ಬಿಡುತ್ತದೆ. ಕೊಲೊನೋಸ್ಕೋಪಿ ಪೌಡರಿನಲ್ಲಿರುವ ಪಾಲಿಎಥಿಲೀನ್ ಗ್ಲೈಕಾಲ್ ನೀರನ್ನು ಕಟ್ಟಿ ಹಿಡಿದು, ಹೀರಲು ಬಿಡುವುದಿಲ್ಲ. ಕುಡಿದದ್ದು ಹಾಗೇ ಕೆಳಗಿಳಿಯುತ್ತದೆ. ಎನಿಮಾದ ನೀರು ಕೆಳಗಿನಿಂದಲೇ ಹೋಗಿದ್ದಲ್ವಾ, ಹೆಚ್ಚಿನದು ಬೇಗ ಹೊರಬರುತ್ತದೆ. ಕರುಳಿನ ತಿರುವುಗಳಲ್ಲಿ ಉಳಿದ ಸ್ವಲ್ಪ ನೀರು ಆಮೇಲೆ, ನಾವು ಮರೆತು ಕೂತಾಗ, ಇಳಿಯುತ್ತದೆ.

ಗುದದ ಬಾಯಲ್ಲಿ ಸ್ನಾಯುವಿನ ಎರಡು ಬಳೆಗಳಿವೆ. ಒಳಗಿನದು ನಮ್ಮ ಮಾತು ಕೇಳುವುದಿಲ್ಲ, ನಿದ್ದೆಯಲ್ಲೂ ತಾನಾಗಿ ಬಿಗಿದಿರುತ್ತದೆ. ಹೊರಗಿನದನ್ನು ನಾವೇ ಬಿಗಿಯಬಹುದು. ಮೇಲಿನಿಂದ ಏನಾದರೂ ಬಂದಾಗ ಒಳಗಿನ ಬಳೆ ಕ್ಷಣಕಾಲ ಸಡಿಲವಾಗಿ, ಬಂದದ್ದು ಕೆಳಗಿನ ಒಳಚರ್ಮಕ್ಕೆ ಸ್ವಲ್ಪ ತಾಗುತ್ತದೆ. ಅಲ್ಲಿನ ನರಗಳು ಅದು ಗಾಳಿಯಾ, ನೀರಾ, ಗಟ್ಟಿಯಾ ಅಂತ ತಿಳಿದುಕೊಳ್ಳುತ್ತವೆ. ದಿನಕ್ಕೆ ಎಷ್ಟೋ ಸಲ ಇದು ನಮಗೆ ಗೊತ್ತೇ ಆಗದೆ ನಡೆಯುತ್ತಿರುತ್ತದೆ. ಹೊಟ್ಟೆ ತೊಳೆದ ದಿನ ಗಾಳಿ, ನೀರು ಎರಡೂ ಒಟ್ಟಿಗೆ ಬರುವುದರಿಂದ ಈ ಲೆಕ್ಕ ತಪ್ಪುತ್ತದೆ. ಮೇಲಾಗಿ ನೀರನ್ನು ಹಿಡಿದಿಡುವುದೇ ಕಷ್ಟ. ಮುಷ್ಟಿಯಲ್ಲಿ ಕುಚ್ಚಲಕ್ಕಿ ಅನ್ನ ನಿಲ್ಲುತ್ತದೆ, ಗಂಜಿ ತೆಳಿ ನಿಲ್ಲುವುದಿಲ್ಲ. ಹಾಗಾಗಿ ಆ ದಿನ "ಇದು ಬರೀ ಗಾಳಿ" ಅಂತ ನಂಬಲೇಬೇಡಿ. ಆದರೆ ಕೊಲೊನೋಸ್ಕೋಪಿಯಲ್ಲಿ ಕರುಳು ಅಗಲಿಸಲು ಗಾಳಿ ತುಂಬಿರುತ್ತಾರೆ, ಅದು ಹೋಗಲೇಬೇಕು, ತಡೆದರೆ ಹೊಟ್ಟೆ ಉಬ್ಬರಿಸಿ ನೋವು. ಕಕ್ಕಸಿನಲ್ಲಿ ಕೂತೇ ಬಿಡಿ.

ಅವಸರ ಬಂದಾಗ ಎಲ್ಲರೂ ಮಾಡುವುದು ಓಡುವುದು. ಅದೇ ಎಡವಟ್ಟು. ಹೊರಗಿನ ಬಳೆಯನ್ನು ಪೂರ್ತಿ ಬಿಗಿಯಾಗಿ ಹಿಡಿಯಲು ಆಗುವುದು ಹೆಚ್ಚೆಂದರೆ ಒಂದು ನಿಮಿಷ, ಆಮೇಲೆ ಅದು ಸೋಲುತ್ತದೆ. ಓಡಿದರೆ ಹೊಟ್ಟೆಯ ಒತ್ತಡವೂ ಸೇರುತ್ತದೆ. ನಿಂತಲ್ಲೇ ನಿಂತು ಅಥವಾ ಕೂತು ಬಿಗಿಹಿಡಿದು ಉಸಿರು ನಿಧಾನ ಬಿಡಿ. ಕರುಳಿನ ಹಿಂಡುವಿಕೆ ಅಲೆಯಲೆಯಾಗಿ ಬರುವುದು. ಒಂದು ಅಲೆ ದಾಟಿದ ಮೇಲೆ ಸಾವಕಾಶ ನಡೆದು ಹೋಗಿ. ಗಾಬರಿಯೂ ಕರುಳನ್ನು ಚುರುಕು ಮಾಡುತ್ತದೆ, ಪರೀಕ್ಷೆ ದಿನ ಬೆಳಿಗ್ಗೆ ಮಕ್ಕಳು ಬಚ್ಚಲಿಗೆ ಎಷ್ಟು ಸಲ ಓಡುತ್ತಾರೆ ಅಂತ ನೋಡಿದ್ದೀರಲ್ಲ.

ಹೊಟ್ಟೆಗೆ ಏನಾದರೂ ಬಿದ್ದರೆ ದೊಡ್ಡ ಕರುಳು ಎಚ್ಚರವಾಗುತ್ತದೆ. ಕಾಫಿಯಂತೂ ಕೆಲವರಲ್ಲಿ ನಿಮಿಷಗಳಲ್ಲೇ ಕೆಲಸ ಮಾಡುತ್ತದೆ. ಅದಕ್ಕೇ ಸರ್ವಿಸ್ ಬಸ್‌ಸ್ಟ್ಯಾಂಡಿನಲ್ಲಿ ಬನ್ಸ್ ತಿಂದು ಕಾಫಿ ಕುಡಿದು ಬಸ್ಸು ಹತ್ತುವ ಬದಲು, ಆಸ್ಪತ್ರೆಯ ಹತ್ತಿರವೇ ಏನಾದರೂ ತಿಂದು, ಸ್ವಲ್ಪ ಹೊತ್ತು ಕೂತು, ಒಮ್ಮೆ ಹೋಗಿ ಬಂದು ಹೊರಡಿ. ಒಂದು ಪ್ಯಾಡ್, ಒಂದು ಬದಲಿ ಬಟ್ಟೆ ಚೀಲದಲ್ಲಿರಲಿ. ಬಳಸದಿದ್ದರೂ ಇದೆ ಅನ್ನುವುದೇ ಅರ್ಧ ಧೈರ್ಯ. ಎಣ್ಣೆ ಬಸ್ತಿ ಆದವರಿಗೆ ಆಮೇಲೂ ಎಣ್ಣೆ ಸ್ವಲ್ಪ ಸೋರಬಹುದು, ಅದಕ್ಕೆ ಹೆದರಬೇಕಿಲ್ಲ.

ಇನ್ನು ಕೆಲವರು ದಾರಿಯ ಭಯಕ್ಕೆ ಪೌಡರ್ ನೀರನ್ನೇ ಅರ್ಧಕ್ಕೆ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕರುಳು ಕ್ಲೀನಾಗದಿದ್ದರೆ ಸಣ್ಣ ಗಡ್ಡೆಗಳು ಡಾಕ್ಟರ ಕಣ್ಣಿಗೆ ಬೀಳುವುದಿಲ್ಲ, ಎಲ್ಲ ಮತ್ತೆ ಮೊದಲಿನಿಂದ. ಕುಂದಾಪುರ, ಕಾರ್ಕಳದ ಕಡೆಯಿಂದ ಮಣಿಪಾಲಕ್ಕೆ ಬರುವವರು ಹಿಂದಿನ ರಾತ್ರಿಯೇ ಹತ್ತಿರದ ನೆಂಟರ ಮನೆಗೆ ಬಂದರೆ ಈ ತಾಪತ್ರಯವೇ ಇಲ್ಲ. ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವೇ ನುಂಗುವುದೂ ಬೇಡ. ಎಲ್ಲ ಮುಗಿದ ಮೇಲೆ ನೀರು, ಬೊಂಡ (ಎಳನೀರು), ಗಂಜಿ ಸಾಕು. ಕಿಡ್ನಿ, ಹೃದಯದ ತೊಂದರೆ ಇರುವವರು ಮಾತ್ರ ಬೊಂಡವನ್ನೂ ಕೇಳಿಯೇ ಕುಡಿಯಬೇಕು, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ಆಮೇಲೆ ಎರಡು ಮೂರು ದಿನ ಏನೂ ಆಗದಿರಬಹುದು. ಖಾಲಿ ಕರುಳು ತುಂಬಬೇಕಲ್ಲ! ಅದನ್ನು ಮಲಬದ್ಧತೆ ಅಂದುಕೊಂಡು ಇನ್ನೊಂದು ಎನಿಮಾಕ್ಕೆ ಓಡಬೇಡಿ. ಜೋರು ಹೊಟ್ಟೆನೋವು, ಜ್ವರ, ರಕ್ತ, ತಲೆತಿರುಗುವಿಕೆ ಇದ್ದರೆ ಮಾತ್ರ ಕಾಯದೆ ಆಸ್ಪತ್ರೆಗೆ ಹೋಗಿ. ವಾರ ಕಳೆದರೂ ಸೋರುತ್ತಿದ್ದರೆ ಅದು ಬರೀ ತೊಳೆಸಿದ್ದರಿಂದ ಇರಲಾರದು. ಹೆರಿಗೆಯಲ್ಲಿ ಹರಿದ ಸ್ನಾಯು, ಹಳೆಯ ಮೂಲವ್ಯಾಧಿ ಆಪರೇಷನ್, ಸಕ್ಕರೆ ಕಾಯಿಲೆಯಿಂದ ಸೊರಗಿದ ನರ, ಹೀಗೆ ಏನಾದರೂ ಮೊದಲೇ ಇದ್ದಿರಬಹುದು. ಅದಕ್ಕೆ ವ್ಯಾಯಾಮ ಇದೆ, ಚಿಕಿತ್ಸೆ ಇದೆ, ಡಾಕ್ಟರ ಹತ್ತಿರ ನಾಚದೆ ಹೇಳಿ.