21 ಮಿಲಿಮೀಟರಿನ ಸುಳ್ಳು

ಜರ್ಮನಿಯ ಹೆಸರಾಂತ ರೈಲು ರೈನ್‌ಗೋಲ್ಡ್‌ಗೆ 1962ರಲ್ಲಿ ನೀಲಿ ಮತ್ತು ಕೆನೆಬಣ್ಣದ ಹೊಸ ಬೋಗಿಗಳು ಬಂದವು. ರೈನ್ ಕಣಿವೆಯನ್ನು ಕಣ್ತುಂಬಿಕೊಳ್ಳಲೆಂದು ಒಂದು ಬೋಗಿಯ ಚಾವಣಿಯನ್ನು ಎತ್ತರಿಸಿ ಗಾಜಿನ ಗುಮ್ಮಟ ಕಟ್ಟಿದ್ದರು. ಇಂಥ ಬೋಗಿ ತಯಾರಾದದ್ದು ಐದೇ ಐದು. ಊಟದ ಬೋಗಿಗೂ ಬೆನ್ನ ಮೇಲೊಂದು ಡುಬ್ಬ ಇತ್ತು. ಅದರ ಅಡುಗೆಮನೆ ಎರಡು ಅಂತಸ್ತಿನದು, ಪಾತ್ರೆ ತೊಳೆಯುವ ಕೆಲಸ ಮೇಲೆ! ಮಾದರಿ ರೈಲುಗಳ ಹವ್ಯಾಸಿಗಳು ಈ ಗಾಡಿಗೆ ಇಂದಿಗೂ ಮನಸೋಲುವುದರಲ್ಲಿ ಅಚ್ಚರಿಯಿಲ್ಲ.

ಆದರೆ ಇದನ್ನು ಮೇಜಿನ ಮೇಲೆ ಓಡಿಸಲು ಹೊರಟರೆ ರೇಖಾಗಣಿತ ಅಡ್ಡ ಬರುತ್ತದೆ.

ಹೆಚ್ಚು ಬಳಕೆಯಲ್ಲಿರುವ ಎಚ್‌ಝೀರೊ ಮಾದರಿಯಲ್ಲಿ ಎಲ್ಲವೂ ಅಸಲಿನ 87ನೆಯ ಒಂದು ಭಾಗ. 1435 ಮಿಲಿಮೀಟರಿನ ಹಳಿ ಅಗಲ 16.5 ಮಿಲಿಮೀಟರ್ ಆಗುತ್ತದೆ. 1962ರ ಬೋಗಿಯ ಉದ್ದ 26.4 ಮೀಟರ್, ಮಾದರಿಯಲ್ಲಿ 303 ಮಿಲಿಮೀಟರ್. ಇಷ್ಟರವರೆಗೆ ಲೆಕ್ಕ ಸಲೀಸು. ತೊಂದರೆ ಇರುವುದು ತಿರುವಿನಲ್ಲಿ. ದೊಡ್ಡ ರೈಲಿಗೆ 150 ಮೀಟರ್ ತ್ರಿಜ್ಯದ ತಿರುವೇ ತೀರಾ ಬಿಗಿ. ಅದನ್ನು 87ರಿಂದ ಭಾಗಿಸಿದರೂ 1.7 ಮೀಟರ್ ಉಳಿಯುತ್ತದೆ. ಅಂಥ ಒಂದು ಸುತ್ತಿಗೆ ಇಡೀ ಕೋಣೆ ಬೇಕು. ಹಾಗಾಗಿ ಮಾದರಿ ರೈಲು ತಯಾರಿಸುವ ಮೇರ್ಕ್ಲಿನ್ ಕಂಪನಿಯ ಸಾಮಾನ್ಯ ಹಳಿಯ ತಿರುವಿಗೆ 360 ಮಿಲಿಮೀಟರ್ ತ್ರಿಜ್ಯವಷ್ಟೇ. ಅಸಲಿ ಲೋಕದಲ್ಲಿ ಇದು 31 ಮೀಟರಿನ ತಿರುವು. ಯಾವ ಎಕ್ಸ್‌ಪ್ರೆಸ್ ಚಾಲಕನೂ ಅತ್ತ ತಲೆಹಾಕಲಾರ.

ಬೋಗಿ ಬಾಗುವುದಿಲ್ಲ. ಎರಡು ತುದಿಗಳ ಬಳಿಯಿರುವ ಚಕ್ರದ ಚೌಕಟ್ಟುಗಳು ಮಾತ್ರ ಹಳಿಯೊಂದಿಗೆ ತಿರುಗುತ್ತವೆ. ಆಗ ಬೋಗಿಯ ನಡು ತಿರುವಿನ ಒಳಕ್ಕೆ ಸರಿದು, ತುದಿಗಳು ಹೊರಕ್ಕೆ ಚಾಚುತ್ತವೆ. ಚೌಕಟ್ಟುಗಳ ನಡುವಿನ ಅಂತರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ನಡು ಎಷ್ಟು ಸರಿಯುತ್ತದೆಂಬ ಅಂದಾಜು ಸಿಗುತ್ತದೆ. ಈ ಬೋಗಿಯಲ್ಲಿ ಅಂತರ 19 ಮೀಟರ್, ಮಾದರಿಯಲ್ಲಿ 218 ಮಿಲಿಮೀಟರ್. 360ರ ತಿರುವಿನಲ್ಲಿ ಉತ್ತರ ಸುಮಾರು 16.5 ಮಿಲಿಮೀಟರ್, ಅಂದರೆ ಹಳಿಯ ಅಗಲದಷ್ಟೇ! ಪಕ್ಕದ ಸಿಗ್ನಲ್ ಕಂಬಕ್ಕೆ ಉಳಿಗಾಲವಿಲ್ಲ. ಅಸಲಿ ರೈಲಿನ 150 ಮೀಟರ್ ತಿರುವಿನಲ್ಲಿ ಇದೇ ಸರಿತ 30 ಸೆಂಟಿಮೀಟರ್, ಮಾದರಿಯ ಅಳತೆಯಲ್ಲಿ ಬರೀ 3.5 ಮಿಲಿಮೀಟರ್.

ಇಲ್ಲಿಂದ ಶುರುವಾಗುತ್ತದೆ ಸುಳ್ಳು. ಅಗಲ, ಎತ್ತರಗಳನ್ನು 1:87ರಲ್ಲೇ ಉಳಿಸಿಕೊಂಡು ಉದ್ದವನ್ನು ಮಾತ್ರ ಮೊಟಕು ಮಾಡುತ್ತಾರೆ. ಹಿಂದೆ ಉದ್ದಕ್ಕೆ 1:100 ಹಿಡಿದು 264 ಮಿಲಿಮೀಟರಿನ ಬೋಗಿಗಳನ್ನು ಮಾಡುತ್ತಿದ್ದರು. ಮೇರ್ಕ್ಲಿನ್ ಆಮೇಲೆ 1:93.5 ಹಿಡಿದು 282ಕ್ಕೆ ಬಂತು. ಅಸಲಿ ಅಳತೆಗಿಂತ 21 ಮಿಲಿಮೀಟರ್ ಗಿಡ್ಡ. ಕಡಿಮೆ ಮಾಡುವ ದಾರಿ ಎರಡು: ಒಂದು ಕೂಪೆಯನ್ನೇ ಕೈಬಿಡುವುದು, ಇಲ್ಲವೇ ಎಲ್ಲ ಕಿಟಕಿಗಳನ್ನೂ ತುಸು ತುಸು ಕಿರಿದಾಗಿಸುವುದು. ಎರಡನೆಯದೇ ಜಾಣತನ ಎನ್ನುತ್ತೇನೆ. ಹವ್ಯಾಸಿಗಳು ಕಿಟಕಿಗಳನ್ನು ಎಣಿಸುತ್ತಾರೆ, ಒಂದು ಕಡಿಮೆಯಾದರೂ ಬಿಡುವವರಲ್ಲ. ಪ್ರತಿ ಕಿಟಕಿಯೂ ಶೇ 7ರಷ್ಟು ಕಿರಿದಾದರೆ ಕಣ್ಣು ಒಪ್ಪಿಕೊಂಡುಬಿಡುತ್ತದೆ.

1928ರ ಮೇ 15ರಂದು ಹೊರಟ ಮೊದಲ ರೈನ್‌ಗೋಲ್ಡ್‌ನ ನೇರಳೆ ಮತ್ತು ಕೆನೆಬಣ್ಣದ ಬೋಗಿಗಳಿಗೆ ಈ ಪಾಡು ಕಡಿಮೆ. ಅವುಗಳ ಉದ್ದ ಸುಮಾರು 23.5 ಮೀಟರ್, ಜರ್ಮನ್ ವಿನ್ಯಾಸದ ನಮ್ಮ ಎಲ್‌ಎಚ್‌ಬಿ ಬೋಗಿಗಳಷ್ಟೇ. ಪೂರ್ತಿ ಅಳತೆಯಲ್ಲೂ ಸುಮಾರು 270 ಮಿಲಿಮೀಟರ್ ಅಷ್ಟೇ.

ಉದ್ದದ ಕಥೆ ಹೀಗಾದರೆ, ಬೋಗಿಗಳ ನಡುವಿನ ಸಂದಿನದು ಇನ್ನೊಂದು. ತಿರುವಿನಲ್ಲಿ ಮೂಲೆಗಳು ಒಂದಕ್ಕೊಂದು ತಾಕಬಾರದೆಂದು ದೂರ ಬಿಟ್ಟರೆ, ನೇರ ಹಳಿಯಲ್ಲಿ ರೈಲು ಹಲ್ಲು ಬಿದ್ದಂತೆ ಕಾಣುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಬಲು ಸೊಗಸು. ಕೊಂಡಿಯ ಬುಡದಲ್ಲೊಂದು ಪುಟ್ಟ ಗೂಟವಿದ್ದು, ಅದು ಬೋಗಿಯ ತಳದ ಬಾಗಿದ ಸೀಳಿನಲ್ಲಿ ಜಾರುತ್ತದೆ. ತಿರುವಿನಲ್ಲಿ ಕೊಂಡಿ ಪಕ್ಕಕ್ಕೆ ಹೊರಳಿದಷ್ಟೂ ಸೀಳಿನ ಆಕಾರವೇ ಅದನ್ನು ಹೊರಕ್ಕೆ ತಳ್ಳಿ ಬೋಗಿಗಳನ್ನು ದೂರ ಸರಿಸುತ್ತದೆ. ನೇರ ಹಳಿಗೆ ಬಂದೊಡನೆ ಸಣ್ಣ ಸ್ಪ್ರಿಂಗ್ ಅದನ್ನು ಒಳಕ್ಕೆಳೆದು, ಬೋಗಿಗಳನ್ನು ಮತ್ತೆ ಒತ್ತಾಗಿ ನಿಲ್ಲಿಸುತ್ತದೆ. ಮೋಟರಿಲ್ಲ, ವಿದ್ಯುತ್ತಿಲ್ಲ.

ಕೊಳ್ಳುವವರು ಒಂದನ್ನು ನೆನಪಿಟ್ಟರೆ ಸಾಕು: 282ರ ಬೋಗಿಗಳ ಸಾಲಿಗೆ ಬೇರೆ ತಯಾರಕರ 303ರದನ್ನು ಸೇರಿಸಬೇಡಿ. ಎಲ್ಲವೂ ಒಂದೇ ಅಳತೆಯಲ್ಲಿ ಗಿಡ್ಡವಾಗಿದ್ದರೆ ಯಾರಿಗೂ ತಿಳಿಯದು; ನಡುವೆ ಒಂದೇ ಒಂದು ಅಸಲಿ ಉದ್ದದ ಬೋಗಿ ಬಂದರೆ ಮಿಕ್ಕವುಗಳ ಗುಟ್ಟು ರಟ್ಟಾಗುತ್ತದೆ.