ಪೆಡಲ್ ಇಲ್ಲದ ಸೈಕಲ್: ಬಣ್ಣ ನೋಡುವ ಮುಂಚೆ ಮಗುವಿನ ಕಾಲು ಅಳೆಯಿರಿ

ಅಕ್ಕನ ಮಗಳಿಗೆ ಎರಡು ವರ್ಷ ತುಂಬಿದಾಗ ನಾನು ಒಂದು ಬ್ಯಾಲೆನ್ಸ್ ಬೈಕ್ ತಂದೆ. ಪೆಡಲ್ ಇಲ್ಲ, ಚೈನ್ ಇಲ್ಲ. ಎರಡು ಗಾಲಿ, ಒಂದು ಸೀಟು, ಒಂದು ಹ್ಯಾಂಡಲ್, ಅಷ್ಟೇ. ಬಣ್ಣ ಚೆನ್ನಾಗಿತ್ತು, ಗಟ್ಟಿಮುಟ್ಟಾಗಿತ್ತು, ಐದು ವರ್ಷದವರೆಗೂ ಬರುತ್ತೆ ಅಂತ ಅಂಗಡಿಯಲ್ಲಿ ಹೇಳಿದರು. ಮನೆಗೆ ತಂದು ಕೂರಿಸಿದರೆ ಅವಳ ಹೆಬ್ಬೆರಳು ಮಾತ್ರ ನೆಲ ಮುಟ್ಟುತ್ತಿತ್ತು. ಸೀಟು ಅದಕ್ಕಿಂತ ಕೆಳಗೆ ಇಳಿಯುತ್ತಿರಲಿಲ್ಲ. ಸೈಕಲ್ ಒಂಚೂರು ವಾಲಿದ ಕೂಡಲೇ ಕಬ್ಬಿಣದ ಫ್ರೇಮು ಅವಳನ್ನೂ ಎಳೆದುಕೊಂಡು ಬೀಳುತ್ತಿತ್ತು. ಮೂರನೇ ಸಲ ಬಿದ್ದ ಮೇಲೆ ಅವಳು ಅದರ ಹತ್ತಿರ ಹೋಗಲೇ ಇಲ್ಲ. ಆರು ತಿಂಗಳು ಅದು ಮೆಟ್ಟಿಲ ಕೆಳಗೆ ನಿಂತಿತ್ತು. ಅವಳಿಗೆ ಸೈಕಲ್ ಅಂದರೆ ಭಯ ಅಂತ ಮನೆಯಲ್ಲಿ ಎಲ್ಲರೂ ತೀರ್ಮಾನ ಮಾಡಿದ್ದರು. ಭಯ ಸೈಕಲ್ಲಿನದ್ದಲ್ಲ, ಆ ಅಳತೆಯದ್ದು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಸೈಕಲ್ ಕಲಿಯುವುದು ಅಂದರೆ ನಿಜಕ್ಕೂ ಏನು ಕಲಿಯುವುದು? ಪೆಡಲ್ ತುಳಿಯುವುದು ಅಂದುಕೊಳ್ಳುತ್ತೇವೆ. ಆದರೆ ಮೂರು ಗಾಲಿಯ ಸೈಕಲ್ಲಿನಲ್ಲಿ ಮೂರು ವರ್ಷದ ಮಗುವೂ ಪೆಡಲ್ ತುಳಿಯುತ್ತದೆ ಅಲ್ವಾ? ಕಷ್ಟ ಇರುವುದು ಬೀಳದೆ ಇರುವುದರಲ್ಲಿ. ಅಂಗೈ ಮೇಲೆ ಉದ್ದನೆಯ ಕೋಲು ನಿಲ್ಲಿಸುವ ಆಟ ನೆನಪಿಸಿಕೊಳ್ಳಿ. ಕೋಲು ಎಡಕ್ಕೆ ವಾಲಿದರೆ ಕೈಯನ್ನೂ ಎಡಕ್ಕೆ ಒಯ್ಯುತ್ತೇವೆ, ಆಗ ಕೋಲಿನ ಬುಡ ಮತ್ತೆ ಅದರ ಭಾರದ ಕೆಳಗೆ ಬರುತ್ತದೆ. ಸೈಕಲ್ಲಿನಲ್ಲೂ ಅದೇ ಆಟ. ಎಡಕ್ಕೆ ಬೀಳುತ್ತಿದ್ದರೆ ಹ್ಯಾಂಡಲ್ ಎಡಕ್ಕೇ ತಿರುಗಬೇಕು, ಗಾಲಿಗಳು ಮೈಯ ಕೆಳಗೆ ಬಂದು ನಮ್ಮನ್ನು ಎತ್ತಿ ನಿಲ್ಲಿಸುತ್ತವೆ. ನಾವು ನೆಟ್ಟಗೆ ಹೋಗುತ್ತಿದ್ದೇವೆ ಅಂದುಕೊಂಡಾಗಲೂ ಸಣ್ಣಗೆ ಬೀಳುತ್ತಾ, ಸಣ್ಣಗೆ ಹಿಡಿಯುತ್ತಾ ಇರುತ್ತೇವೆ. ಒದ್ದೆ ರಸ್ತೆ ದಾಟಿದ ಸೈಕಲ್ಲಿನ ಗಾಲಿಯ ಗುರುತು ನೋಡಿ, ಅದು ಯಾವತ್ತೂ ಗೆರೆ ಎಳೆದ ಹಾಗೆ ನೇರ ಇರುವುದಿಲ್ಲ.

ಗಾಲಿ ಬುಗುರಿಯ ಹಾಗೆ ತಿರುಗುವುದರಿಂದಲೇ ಸೈಕಲ್ ನಿಲ್ಲುತ್ತದೆ ಅಂತ ಶಾಲೆಯಲ್ಲಿ ಕೇಳಿರಬಹುದು. ಅದು ಪೂರ್ತಿ ನಿಜವಲ್ಲ. 1970ರಲ್ಲಿ ಇಂಗ್ಲೆಂಡಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಸೈಕಲ್ಲಿಗೆ ಉಲ್ಟಾ ತಿರುಗುವ ಇನ್ನೊಂದು ಗಾಲಿ ಕಟ್ಟಿ, ಆ ಬುಗುರಿ ಗುಣವನ್ನು ಇಲ್ಲದ ಹಾಗೆ ಮಾಡಿ ಓಡಿಸಿ ನೋಡಿದರು. ಓಡಿತು. 2011ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ಸಂಶೋಧಕರು ಇನ್ನೂ ಮುಂದೆ ಹೋಗಿ, ಅಲ್ಲಿಯವರೆಗೆ ಮುಖ್ಯ ಅಂದುಕೊಂಡಿದ್ದ ಎರಡು ಕಾರಣಗಳನ್ನೂ ತೆಗೆದುಹಾಕಿದ ಒಂದು ಪುಟ್ಟ ಸೈಕಲ್ ಕಟ್ಟಿದರು. ಯಾರೂ ಕೂರದೆ ಸುಮ್ನೆ ತಳ್ಳಿಬಿಟ್ಟರೂ ಅದು ತನ್ನಷ್ಟಕ್ಕೆ ತಾನು ಬ್ಯಾಲೆನ್ಸ್ ಮಾಡಿಕೊಂಡು ಹೋಯಿತು. ಯಾಕಂದ್ರೆ ಬೀಳುವ ಕಡೆಗೇ ತಾನಾಗಿ ತಿರುಗುವ ಗುಣ ಅದರಲ್ಲಿ ಉಳಿದಿತ್ತು. ಆ ಗುಣ ಎಲ್ಲೆಲ್ಲಿಂದ ಬರುತ್ತದೆ ಎಂಬುದು ದೊಡ್ಡ ಲೆಕ್ಕ. ನಮಗೆ ಬೇಕಾದ ಮಾತು ಇಷ್ಟು: ವಾಲಲು ಬಿಡದ ಸೈಕಲ್ಲಿನಲ್ಲಿ ಬ್ಯಾಲೆನ್ಸ್ ಕಲಿಯಲು ಆಗುವುದಿಲ್ಲ.

ಹಿಂದಿನ ಗಾಲಿಯ ಅಕ್ಕಪಕ್ಕ ಎರಡು ಸಣ್ಣ ಗಾಲಿ ಹಾಕಿಸುತ್ತೇವಲ್ಲ, ಸೈಡ್ ವೀಲ್, ಅದು ತಪ್ಪಿಸುವುದು ಇದನ್ನೇ. ಮಗು ಆ ಸಣ್ಣ ಗಾಲಿಗೆ ಒರಗಿ ಕೂರುತ್ತದೆ. ವಾಲಿದರೂ ಬೀಳುವುದಿಲ್ಲ, ಹಾಗಾಗಿ ಹ್ಯಾಂಡಲ್ ತಿರುಗಿಸಿ ತನ್ನನ್ನು ಹಿಡಿದುಕೊಳ್ಳುವ ಅಗತ್ಯವೇ ಬರುವುದಿಲ್ಲ. ತಿರುವಿನಲ್ಲಂತೂ ಉಲ್ಟಾ ಪಾಠ. ಆಟೋ ಜೋರಾಗಿ ಬಲಕ್ಕೆ ತಿರುಗಿದರೆ ನಾವು ಎಡಕ್ಕೆ ಜಾರುತ್ತೇವೆ, ಸೈಡ್ ವೀಲ್ ಇದ್ದ ಸೈಕಲ್ಲಿನಲ್ಲಿ ಮಗುವಿನ ಮೈಯೂ ಹಾಗೆ ಹೊರಗೆ ವಾಲುತ್ತದೆ. ಎರಡು ಗಾಲಿಯಲ್ಲಿ ತಿರುಗುವಾಗ ಒಳಗೆ ವಾಲಬೇಕು. ಎರಡು ವರ್ಷ ರೂಢಿಯಾಗಿದ್ದನ್ನು ಒಂದು ದಿನ ಸೈಡ್ ವೀಲ್ ಬಿಚ್ಚಿ ಮರೆತುಬಿಡು ಅನ್ನುತ್ತೇವೆ. ಮಗು ಅಳುತ್ತದೆ, ನಾವು ಸೀಟು ಹಿಡಿದುಕೊಂಡು ಬೆನ್ನು ಬಗ್ಗಿಸಿ ಹಿಂದೆ ಓಡುತ್ತೇವೆ.

ಪೋರ್ಚುಗಲ್‌ನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಒಂದು ಸಮೀಕ್ಷೆಯಲ್ಲಿ, ಬ್ಯಾಲೆನ್ಸ್ ಬೈಕಿನಿಂದ ಶುರು ಮಾಡಿದವರು ಸರಾಸರಿ 4 ವರ್ಷದ ಹೊತ್ತಿಗೆ, ಸೈಡ್ ವೀಲಿನಿಂದ ಶುರು ಮಾಡಿದವರು ಹತ್ತಿರ ಹತ್ತಿರ 6 ವರ್ಷಕ್ಕೆ ಸ್ವತಂತ್ರವಾಗಿ ಸೈಕಲ್ ಕಲಿತಿದ್ದರು. ಇದು ಜನ ನೆನಪಿನಿಂದ ಕೊಟ್ಟ ಉತ್ತರ, ಶುರು ಮಾಡಿದ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಈ ಎರಡು ವರ್ಷದ ವ್ಯತ್ಯಾಸ ಪೂರ್ತಿ ಸೈಕಲ್ಲಿನ ಮಹಿಮೆ ಅನ್ನುವುದು ಬೇಡ. ಆದರೂ ದಿಕ್ಕು ಯಾವುದು ಅಂತ ಸ್ಪಷ್ಟವಾಗಿದೆ.

ನಮ್ಮ ಊರುಗಳಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಕಲಿತವರನ್ನು ಕೇಳಿ. ಸೀಟು ಎದೆಯ ಎತ್ತರಕ್ಕೆ ಇರುತ್ತಿತ್ತು. ಎಡಗಾಲು ಪೆಡಲ್ ಮೇಲಿಟ್ಟು, ಬಲಗಾಲಿನಲ್ಲಿ ನೆಲ ಒದ್ದು ಒದ್ದು, ಸೈಕಲ್ ಉರುಳುವಾಗ ಆ ಕಾಲನ್ನೂ ಎತ್ತಿ ಒಂದಷ್ಟು ದೂರ ತೇಲಿಕೊಂಡು ಹೋಗುತ್ತಿದ್ದರು. ಅದು ಬಂದ ಮೇಲೆ ಒಳಪೆಡಲ್, ಅದಾದ ಮೇಲೆ ಬಾರ್ ಮೇಲೆ, ಕೊನೆಗೆ ಸೀಟು. ಅಂದರೆ ಮೊದಲು ಬ್ಯಾಲೆನ್ಸ್, ಪೆಡಲ್ ಆಮೇಲೆ. ಯಾರೂ ಹೇಳಿಕೊಡದೆ ಮಕ್ಕಳು ಸರಿಯಾದ ಕ್ರಮವನ್ನೇ ಕಂಡುಕೊಂಡಿದ್ದರು. ಸೈಡ್ ವೀಲ್ ಬಂದು ಅದನ್ನು ತಿರುಗಾಮುರುಗಾ ಮಾಡಿತು.

ಸೈಕಲ್ಲಿನ ಚರಿತ್ರೆಯೂ ಇದೇ ಕ್ರಮದಲ್ಲಿ ನಡೆದಿದೆ. 1817ರ ಜೂನ್ 12ರಂದು ಜರ್ಮನಿಯ ಮ್ಯಾನ್‌ಹೈಮ್ ಊರಿನಿಂದ ಕಾರ್ಲ್ ಫಾನ್ ಡ್ರೈಸ್ ಎಂಬಾತ ಮರದ ಎರಡು ಗಾಲಿಯ ಗಾಡಿಯ ಮೇಲೆ ಕೂತು, ಕಾಲಿನಿಂದ ನೆಲ ಒದೆಯುತ್ತಾ ಒಂದು ಗಂಟೆಯೊಳಗೆ ಹದಿಮೂರು ಕಿಲೋಮೀಟರಿನಷ್ಟು ಹೋಗಿ ಬಂದ. ಪೆಡಲ್ ಇರಲಿಲ್ಲ, ಆದರೆ ಮುಂದಿನ ಗಾಲಿ ತಿರುಗುತ್ತಿತ್ತು, ಇಡೀ ವಿದ್ಯೆ ಇದ್ದದ್ದು ಅದರಲ್ಲೇ. ಅವನು ಅದನ್ನು ಲೌಫ್‌ಮಶೀನೆ, ಅಂದರೆ ಓಡುವ ಯಂತ್ರ ಎಂದು ಕರೆದ. ಗಾಲಿಗೆ ಪೆಡಲ್ ಬಂದದ್ದು 1860ರ ದಶಕದಲ್ಲಿ, ಪ್ಯಾರಿಸ್ಸಿನಲ್ಲಿ. ಎರಡೂ ಕಾಲನ್ನು ನೆಲದಿಂದ ಎತ್ತಿಯೂ ಬೀಳದೆ ಹೋಗಬಹುದು ಎಂಬುದನ್ನು ಜನ ಪೂರ್ತಿ ನಂಬಿದ ಮೇಲೇ ಪೆಡಲ್ಲಿಗೆ ಕೆಲಸ. ಜರ್ಮನ್ನರು ಇವತ್ತಿಗೂ ಮಕ್ಕಳ ಬ್ಯಾಲೆನ್ಸ್ ಬೈಕಿಗೆ ಲೌಫ್‌ರಾಡ್ ಅನ್ನುತ್ತಾರೆ, ಓಡುವ ಗಾಲಿ ಅಂತ.

ಈಗ ಕೊಳ್ಳುವ ವಿಷಯಕ್ಕೆ ಬರುತ್ತೇನೆ. ಡಬ್ಬದ ಮೇಲಿನ ವಯಸ್ಸನ್ನು ನಂಬಬೇಡಿ. ಒಂದೇ ವಯಸ್ಸಿನ ಇಬ್ಬರು ಮಕ್ಕಳ ಕಾಲಿನ ಉದ್ದದಲ್ಲಿ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ ಇರುವುದು ಮಾಮೂಲು. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ. ಎರಡು ಕಾಲಿನ ಮಧ್ಯೆ ಒಂದು ದಪ್ಪ ರಟ್ಟಿನ ಪುಸ್ತಕ ಇಟ್ಟು, ಅದರ ಮೇಲಂಚು ತೊಡೆಸಂದಿಗೆ ತಾಗುವಂತೆ ಮೆಲ್ಲಗೆ ಎತ್ತಿ, ಅಲ್ಲಿಂದ ನೆಲಕ್ಕೆ ಅಳೆಯಿರಿ. ಎರಡು ವರ್ಷದ ಎಷ್ಟೋ ಮಕ್ಕಳಿಗೆ ಇದು 30 ರಿಂದ 35 ಸೆಂ.ಮೀ. ಆಸುಪಾಸು ಬರುತ್ತದೆ. ಸೀಟಿನ ಎತ್ತರ ಈ ಅಳತೆಗಿಂತ 2–3 ಸೆಂ.ಮೀ. ಕಡಿಮೆ ಇರಬೇಕು. ಆಗ ಪಾದ ಪೂರ್ತಿ ನೆಲಕ್ಕೆ ಊರಿ ಮಂಡಿ ಸ್ವಲ್ಪ ಬಾಗಿರುತ್ತದೆ, ನೆಲ ಒದೆಯಲು ಬಲ ಸಿಗುತ್ತದೆ. ಸೀಟು ಅತಿ ಕೆಳಗೆ ಎಷ್ಟು ಇಳಿಯುತ್ತದೆ ಅಂತ ಕೇಳಿ. ಎಷ್ಟು ಮೇಲೆ ಹೋಗುತ್ತದೆ ಅನ್ನುವುದನ್ನು ಆಮೇಲೆ ನೋಡಿಕೊಳ್ಳಬಹುದು. ಬೆಳೆಯುವ ಮಗು, ಒಂದು ಸೈಜು ದೊಡ್ಡದೇ ಇರಲಿ ಅನ್ನುವ ಲೆಕ್ಕ ಅಂಗಿಗೆ ಸರಿ, ಸೈಕಲ್ಲಿಗೆ ಅಲ್ಲ. ಕಾಲು ಊರಲು ಆಗದ ಮಗು ಬೀಳುವುದನ್ನು ಮಾತ್ರ ಕಲಿಯುತ್ತದೆ, ಹಿಡಿದುಕೊಳ್ಳುವುದನ್ನಲ್ಲ.

ಎರಡನೆಯದು ತೂಕ, ನನ್ನ ಪ್ರಕಾರ ಕಾಲಿನಷ್ಟೇ ಮುಖ್ಯ. ಎರಡು ವರ್ಷದ ಮಗು ಸುಮಾರು 12 ಕೆ.ಜಿ. ಇರುತ್ತದೆ. ಸೈಕಲ್ 5.5 ಕೆ.ಜಿ. ಇದ್ದರೆ ನಮಗೆ ಅದೇನು ಮಹಾ ಅನಿಸುತ್ತದೆ, ಒಂದೇ ಕೈಯಲ್ಲಿ ಎತ್ತುತ್ತೇವೆ. ಅದೇ ಅನುಪಾತದಲ್ಲಿ 60 ಕೆ.ಜಿ.ಯ ದೊಡ್ಡವರಿಗೆ 27 ಕೆ.ಜಿ.ಗಿಂತ ಭಾರದ ಸೈಕಲ್ ಕೊಟ್ಟ ಹಾಗಾಯಿತು! ವಾಲಿದ ಸೈಕಲ್ಲನ್ನು ಎತ್ತಿ ಹಿಡಿಯಬೇಕಾದದ್ದು ಆ ಪುಟ್ಟ ಕೈಗಳೇ. ಮಗುವಿನ ತೂಕದ ಶೇ. 30ರೊಳಗೆ ಸೈಕಲ್ ಇರಲಿ ಎಂಬುದು ಅನುಭವದಿಂದ ಬಂದ ಒಳ್ಳೆಯ ಲೆಕ್ಕ. 12 ಕೆ.ಜಿ.ಯ ಮಗುವಿಗೆ ಮೂರೂವರೆ ಕೆ.ಜಿ. ಅಂದುಕೊಳ್ಳಿ. ಪ್ಲಾಸ್ಟಿಕ್ ಬುಟ್ಟಿ, ಹಾಡು ಹೇಳುವ ಡಬ್ಬಿ, ಲೈಟು, ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಟೈರಿನ ಆಯ್ಕೆ ನೀವು ಇರುವ ಜಾಗದ ಮೇಲೆ. ಫೋಮ್ ಟೈರು ಹಗುರ, ಪಂಕ್ಚರ್ ಆಗುವುದಿಲ್ಲ. ಜಾಲಿ ಮುಳ್ಳು ಬೀಳುವ ಊರುಗಳಲ್ಲಿ ಇದು ದೊಡ್ಡ ಅನುಕೂಲ. ಆದರೆ ನುಣುಪಾದ ಟೈಲ್ಸ್ ಮೇಲೆ, ಅದರಲ್ಲೂ ನೀರು ಬಿದ್ದಿದ್ದರೆ ಜಾರುತ್ತದೆ. ಗಾಳಿ ತುಂಬುವ ರಬ್ಬರ್ ಟೈರು ಹಿಡಿತ ಕೊಡುತ್ತದೆ, ಕಲ್ಲುಮಣ್ಣಿನ ರಸ್ತೆಯ ಕುಲುಕಾಟವನ್ನು ನುಂಗುತ್ತದೆ, ಆದರೆ ಭಾರ ಜಾಸ್ತಿ. ಗಟ್ಟಿ ಪ್ಲಾಸ್ಟಿಕ್ ಗಾಲಿ ಬೇಡವೇ ಬೇಡ. ಅಂಗಡಿಯಲ್ಲಿ ಸೈಕಲ್ ಎತ್ತಿ ಗಾಲಿಯನ್ನು ಬೆರಳಿನಿಂದ ತಿರುಗಿಸಿ ಬಿಡಿ. ಸದ್ದಿಲ್ಲದೆ ಬಹಳ ಹೊತ್ತು ತಿರುಗಿದರೆ ಬೇರಿಂಗ್ ಚೆನ್ನಾಗಿದೆ. ಎರಡು ಸುತ್ತಿಗೆ ನಿಂತರೆ ಮಗು ಒದ್ದ ಪ್ರತಿ ಒದೆಯೂ ಅರ್ಧಕ್ಕರ್ಧ ದಂಡ. ಹಿಡಿಯ ತುದಿಯಲ್ಲಿ ದಪ್ಪ ರಬ್ಬರ್ ಇರಬೇಕು, ಬಿದ್ದಾಗ ಹೊಟ್ಟೆಗೆ ಚುಚ್ಚಬಾರದು. ಬೋಲ್ಟುಗಳ ತಲೆ ಹೊರಗೆ ಚಾಚಿದ್ದರೆ ಮೊಣಕಾಲ ಕೆಳಗೆ ಗೀರುತ್ತದೆ. ಕೈಬ್ರೇಕು ಎರಡು ವರ್ಷಕ್ಕೆ ಬೇಕಿಲ್ಲ, ಬೆರಳಿಗೆ ಅಷ್ಟು ಬಲವೂ ಇರುವುದಿಲ್ಲ. ಮೂರು ದಾಟಿ ವೇಗ ಬಂದ ಮೇಲೆ ಅದು ಉಪಯೋಗಕ್ಕೆ ಬರುತ್ತದೆ.

ಬ್ಯಾಲೆನ್ಸ್ ಬೈಕ್ ಅನ್ನುವ ಹೆಸರಿನಲ್ಲೇ ನಾಲ್ಕು ಪುಟ್ಟ ಗಾಲಿಯ ಗಾಡಿಗಳೂ ಮಾರಾಟಕ್ಕಿವೆ. ನಡೆಯಲು ಕಲಿಯುವ ಮಗುವಿಗೆ ಆಟಕ್ಕೆ ಚೆನ್ನಾಗಿರುತ್ತವೆ. ಆದರೆ ಅವು ವಾಲುವುದಿಲ್ಲ, ಹಾಗಾಗಿ ಬ್ಯಾಲೆನ್ಸ್ ಕಲಿಸುವುದೂ ಇಲ್ಲ.

ಮನೆಯಲ್ಲಿ ಈಗಾಗಲೇ ಚಿಕ್ಕ ಸೈಕಲ್ ಇದ್ದು, ಮಗುವಿಗೆ ಮೂರೂವರೆ ನಾಲ್ಕು ವರ್ಷ ಆಗಿದ್ದರೆ ಹೊಸದನ್ನು ಕೊಳ್ಳಲೇಬೇಡಿ. ಸೈಡ್ ವೀಲ್ ಬಿಚ್ಚಿ, ಪೆಡಲ್ ಬಿಚ್ಚಿ, ಸೀಟು ಪೂರ್ತಿ ಇಳಿಸಿ. ಎಡಗಡೆಯ ಪೆಡಲ್ಲಿನ ತಿರುಪು ಉಲ್ಟಾ ಇರುತ್ತದೆ, ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಇನ್ನಷ್ಟು ಬಿಗಿ ಮಾಡಿ ಸುಸ್ತಾದವರು ಬಹಳ ಜನ. ಪಾದ ಪೂರ್ತಿ ಊರಲು ಆದರೆ ನಿಮ್ಮ ಬ್ಯಾಲೆನ್ಸ್ ಬೈಕ್ ರೆಡಿ.

ಹೆಲ್ಮೆಟ್ ಮೊದಲ ದಿನದಿಂದಲೇ ಇರಲಿ, ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಕಾಲಿಗೆ ಚಪ್ಪಲಿ ಬೇಡ, ಶೂ ಹಾಕಿ, ಈ ಸೈಕಲ್ಲಿಗೆ ಕಾಲೇ ಬ್ರೇಕು.

ನಮ್ಮ ಹುಡುಗಿಗೆ ಎರಡೂವರೆ ವರ್ಷವಾದಾಗ, ಈ ಸಲ ಪುಸ್ತಕ ಇಟ್ಟು ಅಳತೆ ತೆಗೆದು, ಬೇರೆ ಸೈಕಲ್ ತಂದೆ. 3.2 ಕೆ.ಜಿ. ಮೊದಲ ವಾರ ಅವಳು ಅದರ ಮೇಲೆ ಕೂರಲೂ ಇಲ್ಲ, ಎರಡು ಕಾಲ ಮಧ್ಯೆ ಇಟ್ಟುಕೊಂಡು ಸುಮ್ನೆ ನಡೆದಳು. ನಾನು ಏನೂ ಹೇಳಲಿಲ್ಲ. ಆಮೇಲೆ ಕೂತಳು. ನಡಿಗೆ ಉದ್ದವಾಯಿತು, ಓಟವಾಯಿತು. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಕಾಣದಷ್ಟು ಸಣ್ಣ ಇಳಿಜಾರು ಒಂದಿದೆ, ನಮಗೆ ನೀರು ಸುರಿದಾಗ ಮಾತ್ರ ಗೊತ್ತಾಗುವಂಥದ್ದು. ಅವಳು ಅದನ್ನು ತಾನೇ ಕಂಡುಹಿಡಿದುಕೊಂಡಳು. ಒಂದು ಸಂಜೆ ಎರಡೂ ಪಾದ ನೆಲದಿಂದ ನಾಲ್ಕು ಬೆರಳು ಮೇಲೆದ್ದವು. ಬಾಯಿ ತೆರೆದಿತ್ತು, ಉಸಿರು ಹಿಡಿದಿದ್ದಳು. ಸೈಕಲ್ ಎಡಕ್ಕೆ ವಾಲಿತು, ಹ್ಯಾಂಡಲ್ ಒಂಚೂರು ಎಡಕ್ಕೆ ತಿರುಗಿತು, ಎದ್ದು ನಿಂತಿತು. ಹಾಗೆ ಮೂರು ಕಂಬ ದಾಟಿದಳು.

ನಾಲ್ಕಕ್ಕೆ ಪೆಡಲ್ ಸೈಕಲ್ ಬಂತು. ಸೀಟು ಇಳಿಸಿ, ಮೊದಲು ಹಳೇ ಥರವೇ ಒದ್ದುಕೊಂಡು ಹೋಗು ಅಂದೆ. ಎರಡನೇ ಸುತ್ತಿನಲ್ಲಿ ಅವಳ ಕಾಲು ಪೆಡಲ್ ಹುಡುಕಿಕೊಂಡಿತು. ನಾನು ಹಿಂದೆ ಓಡಲು ಚಪ್ಪಲಿ ಬಿಟ್ಟು ಸಿದ್ಧವಾಗಿ ನಿಂತಿದ್ದೆ, ಅಷ್ಟರಲ್ಲಿ ಅವಳು ಲಿಫ್ಟಿನ ಹತ್ತಿರ ತಲುಪಿದ್ದಳು.